ಪೈಪು ಕೆಡುವುದು ತುದಿಯಲ್ಲಿ: ಹಳೆಯ ಕ್ಯಾಂಪರ್ ವ್ಯಾನಿನ ಕೂಲಂಟ್ ಮತ್ತು ಪೆಟ್ರೋಲ್ ಲೈನುಗಳು

ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ ಇರುವ ವ್ಯಾನಿನಲ್ಲಿ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಗಾಡಿಯ ಉದ್ದಕ್ಕೂ ಹೋಗಿ ಬರಬೇಕು. ಫೋಕ್ಸ್‌ವ್ಯಾಗನ್ ಟಿ3 ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. 1979ರಲ್ಲಿ ಗಾಳಿಯಿಂದ ತಣಿಯುವ ಎಂಜಿನ್ನಿನೊಂದಿಗೆ ಬಂದ ಈ ವ್ಯಾನಿಗೆ 1982ರ ಕೊನೆಯ ಹೊತ್ತಿಗೆ ಕೂಲಂಟ್‌ನಿಂದ ತಣಿಯುವ 1.9 ಲೀಟರ್ ಪೆಟ್ರೋಲ್ ಎಂಜಿನ್ ಬಂತು. ಎಂಜಿನ್ ಮಾತ್ರ ಹಿಂದೆಯೇ ಉಳಿಯಿತು. ಹಾಗಾಗಿ ನೆಲದಡಿಯಲ್ಲಿ ಎರಡು ಉದ್ದನೆಯ ಪೈಪು, ಹೀಟರಿಗೆ ಮತ್ತೆರಡು, ಅಲ್ಲಲ್ಲಿ ತುಂಡು ಹೋಸುಗಳು. ಒಟ್ಟು ಹಿಡಿಯುವುದು ಸುಮಾರು 17 ಲೀಟರ್, ಅಂದರೆ ಮಾಮೂಲಿ ಕಾರಿನ ಎರಡರಷ್ಟಕ್ಕೂ ಹೆಚ್ಚು.

ಇಂಥ ಗಾಡಿ ಸೋರುತ್ತಿದೆ ಎಂದು ಬಂದಾಗ ಉದ್ದ ಪೈಪಿನ ನಡುಭಾಗ ನೋಡುತ್ತಾ ಹೊತ್ತು ಕಳೆಯಬೇಡಿ. ನೆಟ್ಟಗೆ ತುದಿಗಳಿಗೆ ಹೋಗಿ. ಟಿ3ಯ ಪ್ಲಾಸ್ಟಿಕ್ ಪೈಪಿನ ತುದಿಯಲ್ಲಿ, ಕ್ಲಾಂಪ್ (ಹೋಸು ಬಿಗಿಯುವ ಪಟ್ಟಿ) ಹಿಂಡಿದಾಗ ಪ್ಲಾಸ್ಟಿಕ್ ಕುಸಿಯದಿರಲೆಂದು ಒಳಗೊಂದು ಉಕ್ಕಿನ ತೋಳು, ಅಂದರೆ ಗಿಡ್ಡ ಕೊಳವೆ, ತುರುಕಿರುತ್ತಾರೆ. ವರ್ಷಗಟ್ಟಲೆ ಕೂಲಂಟ್ ಬದಲಿಸದೆ ಬಿಟ್ಟರೆ ಆ ತೋಳು ತುಕ್ಕು ಹಿಡಿಯುತ್ತದೆ. ತುಕ್ಕು ಮೊದಲು ಉಬ್ಬಿ ಪ್ಲಾಸ್ಟಿಕ್ಕನ್ನು ಹಿಗ್ಗಿಸುತ್ತದೆ, ಆಮೇಲೆ ಪುಡಿಪುಡಿಯಾಗಿ ಉದುರಿ ತೋಳೇ ಸಡಿಲವಾಗುತ್ತದೆ. ಒಂದು ದಿನ ಹೋಸು ತುದಿ ಸಮೇತ ಕಳಚಿಕೊಳ್ಳುತ್ತದೆ. ಹೋಸ್ ತೆಗೆದು ಒಳಗೆ ಬೆರಳಾಡಿಸಿದಾಗ ಕಂದು ಹೊಟ್ಟಿನಂಥ ಪುಡಿ ಕೈಗಂಟಿದರೆ ಆ ಪೈಪಿನ ಆಯುಸ್ಸು ಮುಗಿದಿದೆ. ಹೊಸ ತೋಳು ಬಡಿದು ಕೂರಿಸುವುದು ತಾತ್ಕಾಲಿಕ ಉಪಾಯ, ಅಷ್ಟೇ.

ರಬ್ಬರ್ ಹೋಸಿನ ಕಥೆಯೂ ಇದೇ. ಹೊರಗೆ ಕಪ್ಪಗೆ, ನುಣ್ಣಗೆ ಕಾಣುವ ಹೋಸು ಒಳಗಿನಿಂದ ಉದ್ದುದ್ದ ಬಿರುಕು ಬಿಟ್ಟಿರುತ್ತದೆ. ಅದೂ ಲೋಹದ ನಳಿಕೆಗೆ ಸಿಕ್ಕಿಸಿದ ತುದಿಯಿಂದ ಐದು ಸೆಂಟಿಮೀಟರ್ ಒಳಗೇ ಹೆಚ್ಚು. ಎಂಜಿನ್ ತಣ್ಣಗಿರುವಾಗ ಹೆಬ್ಬೆರಳು, ತೋರುಬೆರಳಲ್ಲಿ ತುದಿಯ ಹತ್ತಿರ ಹಿಸುಕಿ, ಆಮೇಲೆ ನಡುವೆ ಹಿಸುಕಿ. ತುದಿಯಲ್ಲಿ ಮೆತ್ತಗೆ ಗುಳಿ ಬಿದ್ದಂತೆ ಅನ್ನಿಸಿದರೆ ಒಳಬಿರುಕು ಇದೆ. ಕರಕರ ಸದ್ದು ಬಂದರೆ ಒಳಗಿನ ನೇಯ್ಗೆ ಹರಿದಿದೆ. ಒಂದು ಹೋಸು ಹೀಗಾಗಿದ್ದರೆ ಅದೇ ವಯಸ್ಸಿನ ಉಳಿದವೂ ಸರದಿಯಲ್ಲಿ ನಿಂತಿವೆ. ಹೊಸ ಹೋಸು ಒತ್ತಡವನ್ನು ಸರಿಯಾಗಿ ತಡೆಹಿಡಿದಾಗ ಪಕ್ಕದ ಹಳೆಯದು ಒಡೆಯುತ್ತದೆ. ಹಾಗಾಗಿ ನನ್ನ ಸಲಹೆ ಒಂದೇ: ಬದಲಿಸುವುದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಗಾಡಿ ಎತ್ತುವ ಮುನ್ನ ಎರಡು ಮಾತು. ಕ್ಯಾಂಪರ್ ವ್ಯಾನ್ ಎಂದರೆ ಚಕ್ರದ ಮೇಲಿನ ಮನೆ, ಒಳಗೆ ಒಲೆಯಿದೆ, ಗ್ಯಾಸಿನಲ್ಲಿ ಓಡುವ ಫ್ರಿಜ್ ಇದೆ, ಅದರ ಸಣ್ಣ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ. ಸಿಲಿಂಡರನ್ನು ಮುಚ್ಚಿ, ಸಾಧ್ಯವಾದರೆ ಹೊರಗಿಡಿ. ಬ್ಯಾಟರಿ ಒಂದಲ್ಲ, ಎರಡು. ಎರಡರದ್ದೂ ನೆಗೆಟಿವ್ ಬಿಚ್ಚಿ. ಸೌರ ಫಲಕವಿದ್ದರೆ ಅದನ್ನು ಮೊದಲು ಬೇರ್ಪಡಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಪೆಟ್ರೋಲ್ ಲೈನಿನ ಕೆಲಸ ಗುಂಡಿಯೊಳಗೆ ಇಳಿದು ಮಾಡುವಂಥದ್ದಲ್ಲ. ಬಯಲಲ್ಲಿ, ಗಟ್ಟಿ ನೆಲದ ಮೇಲೆ, ಆಕ್ಸಲ್ ಸ್ಟ್ಯಾಂಡ್ ಕೊಟ್ಟು ಮಾಡಿ. ಫೋಮ್ ಅಥವಾ ಪೌಡರ್ ತುಂಬಿದ ಅಗ್ನಿಶಾಮಕ ಕೈಗೆಟುಕುವಂತಿರಲಿ.

ಕೂಲಂಟ್ ಇಳಿಸುವಾಗ 20 ಲೀಟರ್ ಹಿಡಿಯುವ ಪಾತ್ರೆ ಬೇಕು, ಬಂದಷ್ಟನ್ನೂ ಅಳೆದು ಬರೆದಿಡಬೇಕು. ಈ ಲೆಕ್ಕ ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ಚೆಲ್ಲಿದ್ದನ್ನು ನಾಯಿ, ಬೆಕ್ಕು ನೆಕ್ಕುವ ಮೊದಲು ಒರೆಸಿ. ಹಳೆಯ ಹೋಸನ್ನು ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ರೇಡಿಯೇಟರಿನ ಪ್ಲಾಸ್ಟಿಕ್ ಕತ್ತು ಮುರಿಯುವುದು ಹೀಗೆಯೇ. ಹೇಗಿದ್ದರೂ ಎಸೆಯುವ ಹೋಸು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಾಳೆಸಿಪ್ಪೆಯಂತೆ ಸುಲಿಯಿರಿ. ನಳಿಕೆಗೆ ಗೀರು ಬೀಳದಿರಲಿ. ಅಲ್ಯೂಮಿನಿಯಂ ನಳಿಕೆಯ ಮೇಲಿನ ಬಿಳಿ ಹುರುಪೆಯನ್ನು ನಯವಾದ ಮರಳುಕಾಗದದಿಂದ ಸುತ್ತಲೂ ಉಜ್ಜಿ. ಉದ್ದಕ್ಕೆ ಉಜ್ಜಿದರೆ ಆ ಗೀರುಗಳೇ ಕೂಲಂಟ್ ಜಿನುಗಲು ಕಾಲುವೆಯಾಗುತ್ತವೆ.

ಬದಲಿ ಪೈಪಿಗೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಕೊಳ್ಳುವಾಗ ನೋಡಬೇಕಾದದ್ದು ಮತ್ತೆ ತುದಿಯನ್ನೇ: ತುದಿಯ ಸುತ್ತ ಉಬ್ಬಿದ ಏಣು ಇರಲೇಬೇಕು. ಬರೀ ಕತ್ತರಿಸಿ ಬಿಟ್ಟ ನುಣುಪು ಪೈಪಿನಿಂದ ಹೋಸು ಬಿಸಿಯಲ್ಲಿ ಜಾರಿ ಹೊರಬರುತ್ತದೆ, ಕ್ಲಾಂಪ್ ಎಷ್ಟು ಬಿಗಿದರೂ ಅಷ್ಟೇ. ಇನ್ನೊಂದು, ಪೈಪು ಬಿಸಿಗೆ ಬೆಳೆಯುತ್ತದೆ. ಮೂರು ಮೀಟರ್ ಸ್ಟೇನ್‌ಲೆಸ್ ಪೈಪು 80 ಡಿಗ್ರಿ ಬಿಸಿಯೇರಿದರೆ ಸುಮಾರು 4 ಮಿ.ಮೀ. ಉದ್ದವಾಗುತ್ತದೆ. ಹಾಗಾಗಿ ನೆಲದಡಿಯ ಹಿಡಿಕೆಗಳಲ್ಲಿ ರಬ್ಬರ್ ಸುತ್ತಿ, ಪೈಪು ಜಾರುವಷ್ಟು ಸಡಿಲ ಬಿಡಿ. ಎರಡೂ ಕಡೆ ಬಿಗಿದು ಕಟ್ಟಿದರೆ ಆ ನಾಲ್ಕು ಮಿಲಿಮೀಟರಿನ ಎಳೆತ ನೇರ ಹೋಸಿನ ಜೋಡಣೆಗೆ ಹೋಗುತ್ತದೆ.

ಹೋಸು ಸಲೀಸಾಗಿ ಏರಲು ಗ್ರೀಸ್, ಎಂಜಿನ್ ಆಯಿಲ್ ಸವರುವ ಚಾಳಿ ಬಿಡಬೇಕು. ಕೂಲಂಟ್ ಹೋಸಿನ ರಬ್ಬರಿಗೆ ಎಣ್ಣೆ ಆಗದು, ಉಬ್ಬಿ ಮೆತ್ತಗಾಗುತ್ತದೆ. ಒಂದಿಷ್ಟು ಕೂಲಂಟ್ ಅಥವಾ ಸೋಪಿನ ನೀರು ಸಾಕು. ಹೋಸು ಏಣು ದಾಟಿ 25 ಮಿ.ಮೀ. ಆದರೂ ಒಳಹೋಗಲಿ. ಕ್ಲಾಂಪ್ ಏಣಿನ ಆಚೆ, ಹೋಸಿನ ಅಂಚಿನಿಂದ ಮೂರ್ನಾಲ್ಕು ಮಿ.ಮೀ. ಒಳಗೆ ಕೂರಲಿ. ಏಣಿನ ಮೇಲೆಯೇ ಕೂತ ಕ್ಲಾಂಪ್ ಬಿಗಿಯಾಗಿದೆ ಎಂದು ಭ್ರಮೆ ಹುಟ್ಟಿಸುತ್ತದೆ. ಸ್ಪ್ರಿಂಗ್ ಕ್ಲಾಂಪನ್ನು ಹಳೆಯ ಕಾಲದ್ದೆಂದು ಹಲವರು ಕಿತ್ತೆಸೆಯುತ್ತಾರೆ. ಆದರೆ ಹೋಸು ಹಿಗ್ಗಿ ಕುಗ್ಗುವಾಗ ಜೊತೆಗೇ ಹಿಗ್ಗಿ ಕುಗ್ಗುವುದು ಅದರ ಗುಣ. ಸ್ಕ್ರೂ ಕ್ಲಾಂಪ್ ಹಾಕಿದ್ದರೆ ಮೊದಲ ಬಿಸಿಯ ನಂತರ, ಪೂರ್ತಿ ತಣಿದ ಮೇಲೆ, ಮತ್ತೊಮ್ಮೆ ಬಿಗಿಯಬೇಕು.

ಈಗ ತುಂಬುವ ಕೆಲಸ. ಹೆಚ್ಚಿನವರು ಸೋಲುವುದು ಇಲ್ಲಿ. ಪೈಪು ನೀರಿನಲ್ಲಿ ತೊಳೆದಿದ್ದರೆ ಹೀಟರ್ ಮತ್ತು ಎಂಜಿನ್ ಒಳಗೆ ಮೂರ್ನಾಲ್ಕು ಲೀಟರ್ ನೀರು ಉಳಿದೇ ಇರುತ್ತದೆ. ಕೂಲಂಟ್‌ಗೆ ನೀರನ್ನು ಅರ್ಧಕ್ಕರ್ಧ ಬೆರೆಸಿ ಸುರಿದರೆ ಒಳಗಿನ ಮಿಶ್ರಣ ತೆಳುವಾಗುತ್ತದೆ. ಒಟ್ಟು 17 ಲೀಟರ್ ಹಿಡಿಯುವ ಗಾಡಿಗೆ ಮೊದಲು 8.5 ಲೀಟರ್ ಅಪ್ಪಟ ಕೂಲಂಟ್ ಹಾಕಿ, ಉಳಿದದ್ದನ್ನು ಬಟ್ಟಿ ಇಳಿಸಿದ ನೀರಿನಿಂದ ತುಂಬಿ. ಅರ್ಧಕ್ಕರ್ಧ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಟಿ3 ಎಂಜಿನ್ನಿನ ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ಗಳಿಗೆ ಫಾಸ್ಫೇಟ್ ಇಲ್ಲದ ಕೂಲಂಟ್ ಬೇಕು. ಬಣ್ಣ ನೋಡಿ ಕೊಳ್ಳಬೇಡಿ, ಡಬ್ಬಿ ಓದಿ.

ಗಾಳಿ ಹೊರತೆಗೆಯಲು ಟಿ3ಯ ಮೂತಿಯನ್ನು ಸುಮಾರು 40 ಸೆಂ.ಮೀ. ಎತ್ತಬೇಕು. ಮುಂದಿನ ಮತ್ತು ಹಿಂದಿನ ಸೀಟಿನಡಿಯ ಹೀಟರ್ ಕವಾಟಗಳನ್ನು ಪೂರ್ತಿ ತೆರೆಯಿರಿ. ರೇಡಿಯೇಟರಿನ ಮೇಲಿನ ಬ್ಲೀಡ್ ಸ್ಕ್ರೂ, ಎಂಜಿನ್ ಬದಿಯ ಬ್ಲೀಡ್ ಕವಾಟ ಎರಡೂ ತೆರೆದಿರಲಿ. ಹಿಂದಿನ ಕೂಲಂಟ್ ಟ್ಯಾಂಕಿಗೆ ನಿಧಾನ ಸುರಿಯುತ್ತಾ, ಎಂಜಿನ್ನನ್ನು 2000 ಆರ್‌ಪಿಎಮ್‌ನಲ್ಲಿ ಹಿಡಿದಿರಿ. ಇಬ್ಬರು ಬೇಕು. ಮುಂದಿನ ಸ್ಕ್ರೂವಿನಲ್ಲಿ ಮೊದಲು ಬುಸುಬುಸು ಗಾಳಿ, ಆಮೇಲೆ ಉಗುಳುಗುಳು, ಕೊನೆಗೆ ಗುಳ್ಳೆಯಿಲ್ಲದ ಧಾರೆ ಬರುತ್ತದೆ. ಆಗ ಮುಚ್ಚಿ, ಟ್ಯಾಂಕ್ ತುಂಬಿ, ಹಿಂದಿನ ಕವಾಟವನ್ನೂ ಮುಚ್ಚಿ. ಈಗ ಮೊದಲಿನ ಲೆಕ್ಕ ತೆಗೆಯಿರಿ. ಹೊರಬಂದದ್ದು 14 ಲೀಟರ್, ಒಳಹೋದದ್ದು 11 ಆಗಿದ್ದರೆ ಮೂರು ಲೀಟರ್ ಗಾಳಿ ಒಳಗೇ ಕೂತಿದೆ. ಬಿಸಿಯ ಮುಳ್ಳು ಕೆಳಗೇ ಇದೆಯೆಂದು ಧೈರ್ಯ ತಂದುಕೊಳ್ಳಬೇಡಿ: ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಮುಳ್ಳಿನ ಮಾತು ನಿಜ.

ಪೆಟ್ರೋಲ್ ಲೈನಿನಲ್ಲಿ ಸೋರಿಕೆಗೆ ಬೆಲೆ ಹೆಚ್ಚು. ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ವ್ಯವಸ್ಥೆ) ಇರುವ ಟಿ3ಯಲ್ಲಿ ಒತ್ತಡ ಸುಮಾರು 2.5 ಬಾರ್, ಸೂಜಿಮೊನೆಯ ತೂತಿನಿಂದಲೂ ಪೆಟ್ರೋಲ್ ಮಂಜಿನಂತೆ ಚಿಮ್ಮಿ ಬಿಸಿ ಎಕ್ಸಾಸ್ಟ್ ಮೇಲೆ ಬೀಳಬಹುದು. ಮೊದಲು ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ, ಆಮೇಲೆ ಬ್ಯಾಟರಿ ಬಿಚ್ಚಿ. ಟ್ಯಾಂಕಿನಲ್ಲಿ ಐದು ಲೀಟರಿಗಿಂತ ಕಡಿಮೆ ಇರುವಂತೆ ಮೊದಲೇ ಓಡಿಸಿ ಖಾಲಿ ಮಾಡಿ. ತುಂಬಿದ 60 ಲೀಟರ್ ಎಂದರೆ 45 ಕಿಲೋ, ಅಂಗಾತ ಮಲಗಿ ಇಳಿಸುವ ಭಾರವಲ್ಲ.

ಹೋಸಿನ ಮೈಮೇಲಿನ ಬರಹವೇ ಅದರ ಜಾತಕ. ಪೆಟ್ರೋಲ್ ಹೋಸಿನ ಗುಣಮಟ್ಟ ಹೇಳುವ ಎಸ್ಎಇ ಜೆ30 ಗುರುತಿನಲ್ಲಿ ಆರ್6, ಆರ್7 ಎಂದಿದ್ದರೆ ಅದು ಕಾರ್ಬ್ಯುರೇಟರಿನ ಕಡಿಮೆ ಒತ್ತಡಕ್ಕೆ. ಇಂಜೆಕ್ಷನ್ನಿಗೆ, ಎಥನಾಲ್ ಬೆರೆತ ಪೆಟ್ರೋಲಿಗೆ ಆರ್9 ತನ್ನಿ. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ ಆರ್10 ಮಾತ್ರ, ಏಕೆಂದರೆ ಉಳಿದವುಗಳ ಹೊರಮೈ ಪೆಟ್ರೋಲನ್ನು ತಡೆಯದು. ಕೂಲಂಟ್‌ಗೆ ಚೆನ್ನಾಗಿರುವ ಸಿಲಿಕೋನ್ ಹೋಸು ಪೆಟ್ರೋಲಿಗೆ ಬೇಡವೇ ಬೇಡ. ಅಳತೆಯನ್ನು ಹಳೆಯ ಹೋಸಿನಿಂದ ತೆಗೆಯಬೇಡಿ, ಅದು ಉಬ್ಬಿರುತ್ತದೆ. ನಳಿಕೆಗೆ ವರ್ನಿಯರ್ ಹಿಡಿಯಿರಿ. ದೊಡ್ಡ ಹೋಸನ್ನು ಕ್ಲಾಂಪಿನಿಂದ ಹಿಂಡಿ ಹೊಂದಿಸಿದರೆ ಮಡಿಕೆ ಬಿದ್ದಲ್ಲಿ ಸೋರುತ್ತದೆ. ಕ್ಲಾಂಪ್ ಪಟ್ಟಿಯಲ್ಲಿ ಸೀಳುಗಳಿರಬಾರದು, ಅಂಚು ಹೊರಕ್ಕೆ ಮಡಿಚಿರಬೇಕು. ಸೀಳಿನ ಪಟ್ಟಿ ರಬ್ಬರನ್ನು ತುರಿಮಣೆಯಂತೆ ಕೊರೆಯುತ್ತದೆ.

ಜನ ಮರೆಯುವ ಜಾಗಗಳು ಮೂರು. ಟ್ಯಾಂಕಿಗೆ ಮರಳುವ ಲೈನು, ಒತ್ತಡ ಕಡಿಮೆಯೆಂದು ಅದನ್ನು ಹಾಗೇ ಬಿಡುತ್ತಾರೆ. ಎಂಜಿನ್ ಕೋಣೆಯ ಗೋಡೆ ದಾಟುವ ಸಣ್ಣ ಪ್ಲಾಸ್ಟಿಕ್ ನಳಿಕೆ, ದಶಕಗಳ ಬಿಸಿಗೆ ಗಾಜಿನಂತೆ ಪೆಡಸಾಗಿ ಹೊಸ ಹೋಸು ಏರಿಸುವಾಗಲೇ ಚಟ್ಟನೆ ಮುರಿಯುತ್ತದೆ. ಅದನ್ನು ಲೋಹದ ನಳಿಕೆಗೆ ಬದಲಿಸಿ, ಸುತ್ತ ಗ್ರಾಮೆಟ್ (ರಬ್ಬರ್ ಬಳೆ) ಹಾಕಿ. ಮೂರನೆಯದು ಟ್ಯಾಂಕಿನ ನೆತ್ತಿಯ ಗಾಳಿಕೊಳವೆ, ಅದರ ಗ್ರಾಮೆಟ್. ಟ್ಯಾಂಕ್ ಇಳಿಸದೆ ಅಲ್ಲಿ ಕೈಯೂ ಹೋಗದು. ಪೂರ್ತಿ ತುಂಬಿಸಿದ ದಿನ ಗಾಡಿಯಲ್ಲಿ ಪೆಟ್ರೋಲ್ ವಾಸನೆ, ಅರ್ಧಕ್ಕಿಳಿದ ಮೇಲೆ ಮಾಯ ಎಂದಾದರೆ ದೋಷ ಬಹುಪಾಲು ಅಲ್ಲೇ.

ಗಾಡಿಯ ಮೈ ಮತ್ತು ಎಂಜಿನ್ ನಡುವಿನ ಹೋಸಿಗೆ ತುಸು ಸಡಿಲ ಬಿಡಿ, ಎಂಜಿನ್ ತನ್ನ ಮೌಂಟ್‌ಗಳ ಮೇಲೆ ಅಲುಗುತ್ತದೆ. ಎಲ್ಲ ಜೋಡಿಸಿದ ಮೇಲೆ ಸ್ಟಾರ್ಟ್ ಮಾಡುವ ಮೊದಲು ಕೀಲಿಯನ್ನು ನಾಲ್ಕೈದು ಬಾರಿ ತಿರುಗಿಸಿ, ಪಂಪಿನಲ್ಲಿ ಒತ್ತಡ ಏರಲು ಬಿಡಿ. ಪ್ರತಿ ಜೋಡಣೆಗೂ ಒಣ ಟಿಶ್ಯೂ ಕಾಗದ ಸುತ್ತಿ ನೋಡಿ. ಕಣ್ಣಿಗೆ ಕಾಣದ ಜಿನುಗೂ ಕಾಗದದಲ್ಲಿ ಕಲೆಯಾಗುತ್ತದೆ. ಇದೇ ಪರೀಕ್ಷೆ ಎಂಜಿನ್ ಬಿಸಿಯಾಗಿ ನಿಲ್ಲಿಸಿದ ಮೇಲೊಮ್ಮೆ, ವಾರದ ನಂತರ ಟ್ಯಾಂಕ್ ಪೂರ್ತಿ ತುಂಬಿಸಿ ಇನ್ನೊಮ್ಮೆ.