ಓದುಗರ ಪ್ರಶ್ನೆ: ಕುಣಿಸುವ ಹಾಡು ‘ಅಸಲಿ’ ಹಿಪ್‌ಹಾಪ್ ಅಲ್ಲವೇ?

ಪ್ರಶ್ನೆ: ತೊಂಬತ್ತರ ದಶಕದ ಹಿಪ್‌ಹಾಪ್ ಬಗ್ಗೆ ಏನು ಓದಿದರೂ ನ್ಯೂಯಾರ್ಕ್, ಲಾಸ್ ಏಂಜಲೀಸ್ ಜಗಳವೇ ಸಿಗುತ್ತದೆ. ಅದೇ ಕಾಲದ ಮಯಾಮಿ ಬೇಸ್, ನ್ಯೂ ಆರ್ಲಿಯನ್ಸ್ ಬೌನ್ಸ್ ಹಾಡುಗಳನ್ನು ಮಾತ್ರ ಕೆಲವರು ‘ಅದು ಡ್ಯಾನ್ಸ್ ಮ್ಯೂಸಿಕ್, ಹಿಪ್‌ಹಾಪ್ ಅಲ್ಲ’ ಎಂದು ತಳ್ಳಿಹಾಕುತ್ತಾರೆ. ಯಾಕೆ? ಹಾಡು ಕೇಳಿಯೇ ಯಾವ ಊರಿನದು ಎಂದು ಹೇಳಲು ಬರುತ್ತದೆಯೇ?

ಉತ್ತರ: ಬರುತ್ತದೆ. ಸೆಕೆಂಡು ತೋರಿಸುವ ಗಡಿಯಾರ, ಒಂದು ಒಳ್ಳೆಯ ಹೆಡ್‌ಫೋನ್ ಇದ್ದರೆ ಸಾಕು. ‘ಯಾಕೆ’ ಎಂಬುದಕ್ಕೂ ಉತ್ತರ ಬಹುಪಾಲು ಅದೇ ಗಡಿಯಾರದಲ್ಲಿದೆ. ಪತ್ರಿಕೆಗಳು ಬರೆದದ್ದು ಹಗೆಯ ಬಗ್ಗೆ. ಊರೂರುಗಳನ್ನು ಬೇರೆ ಮಾಡಿದ್ದು ಹಾಡಿನ ವೇಗ.

ಮೊದಲು ಆ ಬೈಗುಳ ಎಲ್ಲಿಂದ ಬಂತು ನೋಡೋಣ. 1995ರ ಆಗಸ್ಟ್ 3ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ‘ದಿ ಸೋರ್ಸ್’ ಎಂಬ ಹಿಪ್‌ಹಾಪ್ ಪತ್ರಿಕೆಯ ಪ್ರಶಸ್ತಿ ಸಮಾರಂಭ. ಲಾಸ್ ಏಂಜಲೀಸಿನ ಡೆತ್ ರೋ ರೆಕಾರ್ಡ್ ಕಂಪನಿಯ ಶುಗ್ ನೈಟ್ ವೇದಿಕೆ ಹತ್ತಿ, ನಿರ್ಮಾಪಕನೇ ಬಂದು ಎಲ್ಲ ವಿಡಿಯೊಗಳಲ್ಲೂ ಕುಣಿಯುವುದು ಬೇಡ ಅನ್ನುವ ಕಲಾವಿದರು ನಮ್ಮ ಕಡೆ ಬನ್ನಿ ಎಂದ. ಹೆಸರು ಹೇಳಲಿಲ್ಲ. ನ್ಯೂಯಾರ್ಕಿನ ಬ್ಯಾಡ್ ಬಾಯ್ ಕಂಪನಿಯ ಶಾನ್ ಕೋಂಬ್ಸ್‌ಗೆ ಹೇಳಿದ್ದೆಂದು ಸಭೆಗೆ ಗೊತ್ತಾಯಿತು. ಆ ರಾತ್ರಿಯ ಕೊಂಕು ಹಾಡಿನ ಮೇಲಲ್ಲ, ಸಾಹಿತ್ಯದ ಮೇಲಲ್ಲ, ಕುಣಿತದ ಮೇಲೆ. ಅದೇ ಸಭೆಯಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿಗೆ ಹೊಸ ತಂಡದ ಪ್ರಶಸ್ತಿ ಬಂದಾಗ ಜನ ಕೂಗಿ ಛೀಮಾರಿ ಹಾಕಿದರು. ದಕ್ಷಿಣಕ್ಕೂ ಹೇಳುವುದಿದೆ ಎಂದು ಜೋಡಿಯ ಆಂಡ್ರೆ ಹೇಳಿ ಕೆಳಗಿಳಿದ.

ಕುಣಿತವನ್ನು ಹೀಗೆ ಕಲ್ಲಿನಂತೆ ಎಸೆದದ್ದು ಅದೇ ಮೊದಲಲ್ಲ. ಎಂಬತ್ತರ ದಶಕದ ನಡುವೆ ಲಾಸ್ ಏಂಜಲೀಸಿನ ನಿರ್ಮಾಪಕ ಡಾಕ್ಟರ್ ಡ್ರೇ ‘ವರ್ಲ್ಡ್ ಕ್ಲಾಸ್ ರೆಕಿನ್ ಕ್ರೂ’ ಎಂಬ ಎಲೆಕ್ಟ್ರೋ ತಂಡದಲ್ಲಿದ್ದ. ಮಿರಿಮಿರಿ ಮಿನುಗುವ ಉಡುಪು, ಕ್ಲಬ್ಬಿಗೆ ಹೇಳಿ ಮಾಡಿಸಿದ ವೇಗದ ಹಾಡು. 1993ರಲ್ಲಿ ಅವನ ಹಳೆಯ ಗೆಳೆಯ ಈಝಿ-ಈ, ಜಗಳವಾದ ಮೇಲೆ, ಆ ಕಾಲದ ಫೋಟೊವನ್ನೇ ತನ್ನ ಆಲ್ಬಮ್ಮಿನ ಜೊತೆ ಅಚ್ಚು ಹಾಕಿಸಿದ. ‘ಇವನ ಗ್ಯಾಂಗ್‌ಸ್ಟರ್ ವೇಷ ನಂಬಬೇಡಿ, ಇವನು ಕುಣಿಯುವವನು’ ಎಂಬುದು ಅದರ ಅರ್ಥ. ಓಕ್ಲೆಂಡಿನ ಎಂ.ಸಿ. ಹ್ಯಾಮರ್ 1990ರ ಆಲ್ಬಮ್ ಒಂದರಿಂದಲೇ ಒಂದು ಕೋಟಿ ಪ್ರತಿಗಳ ಲೆಕ್ಕ ಮುಟ್ಟಿದಾಗಲೂ ನ್ಯೂಯಾರ್ಕ್, ಲಾಸ್ ಏಂಜಲೀಸ್ ಎರಡೂ ಕರಾವಳಿಯವರು ಸೇರಿ ಅವನನ್ನು ಆಡಿಕೊಂಡರು.

ಇದರಲ್ಲೊಂದು ವಿಪರ್ಯಾಸವಿದೆ. ಹಿಪ್‌ಹಾಪ್ ಹುಟ್ಟಿದ್ದೇ ಕುಣಿಯುವವರಿಗಾಗಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ 1520, ಸೆಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಪಾರ್ಟಿಗೆ ಹಾಡು ಹಾಕಿದ ಕೂಲ್ ಹರ್ಕ್, ಜನ ಜೋರಾಗಿ ಕುಣಿಯುವುದು ಹಾಡು ನಿಂತು ಡ್ರಮ್ ಮಾತ್ರ ಉಳಿಯುವ ತುಣುಕಿಗೆ ಎಂದು ಕಂಡುಕೊಂಡವನು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನು ಮತ್ತೆ ಮತ್ತೆ ತಿರುಗಿಸಿದ. ಮೈಕ್ ಹಿಡಿದು ಮಾತಾಡುವವನು ಆಗ ಕುಣಿತಕ್ಕೆ ಹುರುಪು ತುಂಬುವ ಪಕ್ಕವಾದ್ಯ. 1982ರ ‘ಪ್ಲ್ಯಾನೆಟ್ ರಾಕ್’ ನಿಮಿಷಕ್ಕೆ 127ರಷ್ಟು ಬೀಟ್‌ಗಳ ವೇಗದಲ್ಲಿ ಓಡುತ್ತದೆ. ಅದೂ ಬ್ರಾಂಕ್ಸ್‌ನದೇ.

ಒಡಕು ಆಮೇಲಿನದು. ನ್ಯೂಯಾರ್ಕ್‌ನಲ್ಲಿ ಮಾತುಗಾರ ಮುಂದೆ ಬಂದ, ವೇಗ ಇಳಿಯಿತು. ಇದಕ್ಕೆ ಸರಳ ಗಣಿತವಿದೆ. ಒಂದು ಬಾರ್ ಎಂದರೆ ನಾಲ್ಕು ಬೀಟ್. ನಿಮಿಷಕ್ಕೆ 94 ಬೀಟ್‌ನ ವೇಗದಲ್ಲಿ ಒಂದು ಬಾರ್ 2.55 ಸೆಕೆಂಡು. 128ರ ವೇಗದಲ್ಲಿ ಅದು 1.88 ಸೆಕೆಂಡಿಗೆ ಇಳಿಯುತ್ತದೆ. ಬಾರ್‌ಗೆ ಹದಿನಾರು ಅಕ್ಷರ ಹಾಕಿ, ನಡುವೆ ಒಳಪ್ರಾಸ ಇಟ್ಟು, ಉಸಿರು ಎಳೆದುಕೊಂಡು, ಕೇಳುವವನಿಗೆ ಅರ್ಥವನ್ನೂ ಮುಟ್ಟಿಸಬೇಕೆಂದರೆ ಮೊದಲನೆಯದರಲ್ಲಿ ಜಾಗವಿದೆ, ಎರಡನೆಯದರಲ್ಲಿ ಕಷ್ಟ. ಹಾಗಾಗಿ ವೇಗದ ಹಾಡಿನವರು ಕಥೆ ಬಿಟ್ಟು ಕೂಗು ಹಿಡಿದರು: ನಾಲ್ಕು ಪದ ಇವನು ಕೂಗುವುದು, ನಾಲ್ಕು ಪದ ಜನ ತಿರುಗಿ ಕೂಗುವುದು. ಪದಗಳನ್ನೇ ಅಳೆಯುವ ವಿಮರ್ಶಕನ ತಕ್ಕಡಿಯಲ್ಲಿ ಇದು ಹಗುರವಾಗಿ ಕಂಡರೆ ತಪ್ಪು ಹಾಡಿನದಲ್ಲ, ತಕ್ಕಡಿಯದು.

ಇನ್ನೊಂದು ಕಾರಣ ಶುದ್ಧ ಯಂತ್ರದ್ದು. ಅದನ್ನು ಯಾರೂ ಹೇಳುವುದಿಲ್ಲ. ಆ ಕಾಲದ ಡಿಜೆಗಳ ಟರ್ನ್‌ಟೇಬಲ್ ಟೆಕ್ನಿಕ್ಸ್ 1200. ಅದರ ವೇಗದ ಸರಳನ್ನು ಪೂರ್ತಿ ತಳ್ಳಿದರೂ ಹೆಚ್ಚುವುದು, ಇಳಿಯುವುದು ಶೇ. 8 ಮಾತ್ರ. 94 ಬೀಟ್‌ನ ನ್ಯೂಯಾರ್ಕ್ ರೆಕಾರ್ಡನ್ನು ಮೇಲೆ ದೂಡಿದರೆ 101.5ಕ್ಕೆ ನಿಲ್ಲುತ್ತದೆ. 128ರ ಮಯಾಮಿ ರೆಕಾರ್ಡನ್ನು ಕೆಳಗೆ ಎಳೆದರೆ 118ರ ಹತ್ತಿರ ನಿಲ್ಲುತ್ತದೆ. ನಡುವೆ 16 ಬೀಟ್‌ಗಳ ಕಂದಕ, ಸೇತುವೆ ಇಲ್ಲ. ಎರಡನ್ನೂ ಬೆರೆಸಲು ಹೋದರೆ ಡ್ರಮ್ಮುಗಳು ಒಂದಕ್ಕೊಂದು ಎಡವುತ್ತವೆ. ಪೆಟ್ಟಿಗೆಯಲ್ಲಿ 90ರಿಂದ 100ರ ರೆಕಾರ್ಡುಗಳನ್ನೇ ತುಂಬಿಕೊಂಡ ಡಿಜೆಗೆ ಮಯಾಮಿಯ ಹಾಡು ಕೆಟ್ಟದ್ದೆಂದಲ್ಲ, ಕೂರಿಸಲು ಜಾಗವೇ ಇರಲಿಲ್ಲ.

ಮಯಾಮಿಯವರು ಬ್ರಾಂಕ್ಸ್ ಬಿಟ್ಟ ದಾರಿಯನ್ನೇ ಮುಂದುವರಿಸಿದರು. ಅವರ ಬಂಡವಾಳ ರೋಲ್ಯಾಂಡ್ ಟಿಆರ್-808 ಎಂಬ ಡ್ರಮ್ ಯಂತ್ರ. ತಯಾರಾದದ್ದು 1980ರಿಂದ 1983ರವರೆಗೆ ಮಾತ್ರ. ಅದರ ಬೇಸ್ ಡ್ರಮ್ಮಿಗೆ ‘ಡಿಕೇ’ ಎಂಬ ಒಂದು ತಿರುಪಿದೆ. ಕಡಿಮೆ ಇಟ್ಟರೆ ‘ದಪ್’ ಎಂದು ನಿಲ್ಲುತ್ತದೆ, ಪೂರ್ತಿ ತಿರುಗಿಸಿದರೆ ‘ಧೂಂ’ ಎಂದು ಬಾಲ ಎಳೆಯುತ್ತದೆ. ಮಯಾಮಿ ಎಂದರೆ ಆ ಬಾಲ. ತೊಡಕು ಏನೆಂದರೆ, 128ರ ವೇಗದಲ್ಲಿ ಬೀಟಿಗೂ ಬೀಟಿಗೂ ಅರ್ಧ ಸೆಕೆಂಡೂ ಇಲ್ಲ. ನಾಲ್ಕೂ ಬೀಟಿಗೆ ಉದ್ದ ಬಾಲದ ಕಿಕ್ (ಬೇಸ್ ಡ್ರಮ್ಮಿನ ಪೆಟ್ಟು) ಇಟ್ಟರೆ ಒಂದರ ಮೇಲೊಂದು ಬಿದ್ದು ಎಲ್ಲ ಗುಂಯ್‌ಗುಡುವ ಗಂಜಿಯಾಗುತ್ತದೆ. ಆದ್ದರಿಂದ ಕಿಕ್ಕನ್ನು ಬಿಡಿಬಿಡಿಯಾಗಿ, ಬೀಟು ತಪ್ಪಿಸಿ ಇಡುತ್ತಾರೆ. ಓಟ ತೋರಿಸುವ ಕೆಲಸ ಚಪ್ಪಾಳೆ ಮತ್ತು ಹೈ-ಹ್ಯಾಟ್ ಎಂಬ ಜೋಡಿ ತಾಳದ್ದು. ಕೇಳುವ ಜಾಗ ಕಾರಿನ ಡಿಕ್ಕಿಯಲ್ಲಿಟ್ಟ ಭಾರೀ ಸ್ಪೀಕರ್. ಈ ಮಾದರಿ ಫ್ಲಾರಿಡಾ ದಾಟಿ ಜಾರ್ಜಿಯಾಕ್ಕೂ ಹೋಯಿತು: 1993ರಲ್ಲಿ ಅಟ್ಲಾಂಟಾದ ಟ್ಯಾಗ್ ಟೀಮ್‌ನ ‘ವೂಂಪ್! (ದೇರ್ ಇಟ್ ಈಸ್)’ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಅದೇ ವರ್ಷ ಜಾಕ್ಸನ್‌ವಿಲ್‌ನ 95 ಸೌತ್ ತಂಡದ್ದೂ ಹೆಚ್ಚುಕಡಿಮೆ ಅದೇ ಕೂಗಿನ ಹಾಡು ಬಂದಿತ್ತು. ಪ್ರಾದೇಶಿಕ ಜಿದ್ದೆಂದರೆ ಇದೂ ಜಿದ್ದೇ. ಗುಂಡು ಹಾರಲಿಲ್ಲವಾದ್ದರಿಂದ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ನ್ಯೂ ಆರ್ಲಿಯನ್ಸ್ ಕಥೆ ಇನ್ನೂ ಸೊಗಸು. ಬೌನ್ಸ್ ಸಂಗೀತದ ಬೆನ್ನೆಲುಬು ನ್ಯೂಯಾರ್ಕಿನದು! ಕ್ವೀನ್ಸ್‌ನ ಶೋಬಾಯ್ಸ್ ಎಂಬ ತಂಡ 1986ರಲ್ಲಿ ‘ಡ್ರ್ಯಾಗ್ ರ‍್ಯಾಪ್’ ಎಂಬ ರೆಕಾರ್ಡು ಮಾಡಿತು. ತವರಿನಲ್ಲಿ ಅದು ಹೆಸರು ಮಾಡಲಿಲ್ಲ, ದಕ್ಷಿಣದಲ್ಲಿ ಬಿಟ್ಟವರಿಲ್ಲ. ಅದರಲ್ಲೊಂದು ಕಡೆ ಮಾತು ನಿಂತು, ಡ್ರಮ್ಮಿನ ಮೇಲೆ ಟಿಣ್‌ಟಿಣ್ ಎಂದು ಗಂಟೆಯಂಥ ಸ್ವರ ಇಳಿದುಬರುವ ತುಣುಕಿದೆ. ಹಾಡಿನ ಪಾತ್ರವೊಂದರ ಹೆಸರಿನಿಂದ ನ್ಯೂ ಆರ್ಲಿಯನ್ಸ್‌ನವರು ಅದನ್ನು ‘ಟ್ರಿಗರ್‌ಮ್ಯಾನ್’ ಎನ್ನುತ್ತಾರೆ. 1991ರಲ್ಲಿ ಎಂ.ಸಿ. ಟಿ. ಟಕರ್ ಮತ್ತು ಡಿಜೆ ಅರ್ವ್, ಮರುವರ್ಷ ಡಿಜೆ ಜಿಮಿ ಅದರ ಮೇಲೆ ಕೂಗು ಕಟ್ಟಿದರು. ಅಲ್ಲಿಂದ ಊರೇ ಆ ತುಣುಕಿನ ಮೇಲೆ ನಿಂತಿತು.

ಆ ಕೂಗಿನಲ್ಲಿ ಏನಿರುತ್ತದೆ ಗಮನಿಸಿ: ವಾರ್ಡಿನ ಸಂಖ್ಯೆ, ಮ್ಯಾಗ್ನೋಲಿಯಾ, ಕ್ಯಾಲಿಯೋಪಿಯಂಥ ಸರ್ಕಾರಿ ವಸತಿ ಬಡಾವಣೆಗಳ ಹೆಸರು. ಹೆಸರು ಕರೆದಾಗ ಆ ಬಡಾವಣೆಯವರು ಕುಣಿದು ತೋರಿಸಬೇಕು, ಮುಂದಿನ ಹೆಸರಿಗೆ ಇನ್ನೊಬ್ಬರು. ಜಾತ್ರೆಯಲ್ಲಿ ಕೇರಿಕೇರಿಯ ತಮಟೆಯವರು ಪೈಪೋಟಿಗೆ ನಿಂತದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಗಳದ ಹಾಡು ಬೇರೆ, ಕುಣಿತದ ಹಾಡು ಬೇರೆ ಎಂಬ ವಿಂಗಡಣೆ ನ್ಯೂ ಆರ್ಲಿಯನ್ಸ್‌ನಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿ ಪೈಪೋಟಿಯೇ ಕುಣಿತ.

ಈಗ ಗುರುತಿಸುವ ಕೆಲಸ. ಚಪ್ಪಾಳೆ ಅಥವಾ ಸ್ನೇರ್ (ಚುರುಕು ಸದ್ದಿನ ಡ್ರಮ್) ಪೆಟ್ಟು ಹುಡುಕಿ. ಅದು ಸಾಮಾನ್ಯವಾಗಿ ಎರಡನೇ ಮತ್ತು ನಾಲ್ಕನೇ ಬೀಟಿಗೆ ಬೀಳುತ್ತದೆ. ನಡುವಿನ ಬೀಟುಗಳನ್ನೂ ಸೇರಿಸಿ 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 23 ಅಥವಾ 24 ಬಂದರೆ 92–96: ನ್ಯೂಯಾರ್ಕ್ ಅಥವಾ ಲಾಸ್ ಏಂಜಲೀಸ್ ಇರಬಹುದು. 32ರ ಆಸುಪಾಸು ಬಂದರೆ 128: ಮಯಾಮಿ, ಅಥವಾ ಇನ್ನೊಂದು ಕುಣಿತದ ಊರು ಬಾಲ್ಟಿಮೋರ್ ಇರಬಹುದು. 16 ಬಂದರೆ ನೀವು ಬರೀ ಚಪ್ಪಾಳೆ ಎಣಿಸಿದ್ದೀರಿ, ಎರಡರಿಂದ ಗುಣಿಸಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ.

ವೇಗ ಒಂದೇ ಆದರೆ ಬಣ್ಣ ನೋಡಬೇಕು. ನ್ಯೂಯಾರ್ಕಿನದು ಧೂಳು ಹಿಡಿದ ಸದ್ದು. ಅಲ್ಲಿ ಬಹಳ ಮಂದಿ ಬಳಸಿದ, ಹಳೆಯ ರೆಕಾರ್ಡಿನ ತುಣುಕು ತುಂಬಿಕೊಂಡು ನುಡಿಸುವ ಎಸ್‌ಪಿ-1200 ಯಂತ್ರಕ್ಕೆ ಒಟ್ಟು ಹತ್ತೇ ಸೆಕೆಂಡಿನ ನೆನಪಿನ ಶಕ್ತಿ. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಸಿ, ಆಮೇಲೆ ಯಂತ್ರದೊಳಗೆ ನಿಧಾನ ಮಾಡುತ್ತಿದ್ದರು. ಹಾಗೆ ಮಾಡಿದಾಗ ಸದ್ದು ಒರಟಾಗುತ್ತದೆ, ಆ ಒರಟೇ ಶೈಲಿಯಾಯಿತು. 1992ರ ‘ದಿ ಕ್ರಾನಿಕ್’ ನಂತರದ ಲಾಸ್ ಏಂಜಲೀಸ್ ನುಣುಪು: ಕೈಯಿಂದ ನುಡಿಸಿದ ಬೇಸ್, ಮೇಲೆ ಸಿಳ್ಳೆಯಂತೆ ಎಳೆಯುವ ಸಿಂಥ್ ಎಂಬ ಎಲೆಕ್ಟ್ರಾನಿಕ್ ವಾದ್ಯ. 95ರಿಂದ 105ರೊಳಗೆ ಟಿಣ್‌ಟಿಣ್ ಗಂಟೆ ಕೇಳಿಸಿ, ಒಂದೇ ಸಾಲಿನ ಕೂಗು ಮರುಕಳಿಸಿದರೆ ಬೌನ್ಸ್. 130ರಲ್ಲಿ ಲಿನ್ ಕಾಲಿನ್ಸ್‌ಳ 1972ರ ‘ಥಿಂಕ್’ ಹಾಡಿನ ಡ್ರಮ್ ತುಣುಕು ವೇಗವಾಗಿ ಓಡುತ್ತಿದ್ದರೆ ಬಾಲ್ಟಿಮೋರಿನ ಕುಣಿತದ ಸಂಗೀತ, ‘ಬಾಲ್ಟಿಮೋರ್ ಕ್ಲಬ್’.

ಮೊಬೈಲ್ ಸ್ಪೀಕರಿನಲ್ಲಿ ಈ ಪರೀಕ್ಷೆ ಮಾಡಬೇಡಿ. 808ರ ಬಾಲ ಇರುವುದು ಸುಮಾರು 50 ಹರ್ಟ್ಜ್ ಬಳಿ, ಅಷ್ಟು ಕೆಳಗಿನ ಸದ್ದು ಅಂಗೈಯಗಲದ ಡಬ್ಬಿಯಿಂದ ಹೊರಡುವುದಿಲ್ಲ. ಮಯಾಮಿ ಹಾಡು ಅಲ್ಲಿ ಬರೀ ಚಟಚಟ ಚಪ್ಪಾಳೆಯಾಗಿ ಕೇಳಿಸುತ್ತದೆ. ‘ಏನೂ ಇಲ್ಲ ಇದರಲ್ಲಿ’ ಅನ್ನುವವರಲ್ಲಿ ಅರ್ಧದಷ್ಟು ಜನ ಹೀಗೆ ಕೇಳಿದವರೇ ಇರಬೇಕು. ಆನ್‌ಲೈನ್‌ನಲ್ಲಿ ವೇಗ ಹೆಚ್ಚಿಸಿ, ತಗ್ಗಿಸಿ ಹಾಕಿದ ಪ್ರತಿಗಳೂ ಬೇಕಾದಷ್ಟಿವೆ. ದನಿ ಕೀರಲಾಗಿಯೋ ಭೂತದಂತೆಯೋ ಕೇಳಿದರೆ ಎಣಿಕೆ ನಂಬಬೇಡಿ. ಒಂದು ಹೊರತು: ಹ್ಯೂಸ್ಟನ್‌ನ ಡಿಜೆ ಸ್ಕ್ರೂ ಕ್ಯಾಸೆಟ್ಟುಗಳು ಬೇಕೆಂದೇ ನಿಧಾನ ಮಾಡಿದವು.

ಮನೆಯ ಪಾರ್ಟಿಯಲ್ಲಿ ಎರಡೂ ಬಗೆಯ ಹಾಡು ಹಾಕಬೇಕೆಂದಿದ್ದರೆ ಸಾಫ್ಟ್‌ವೇರಿನಲ್ಲಿ 94ನ್ನು 128ಕ್ಕೆ ಹಿಗ್ಗಿಸಲು ಹೋಗಬೇಡಿ, ರ‍್ಯಾಪ್ ಮಾಡುವವನು ಬಸ್ಸು ತಪ್ಪಿದವನಂತೆ ಕೇಳುತ್ತಾನೆ. 94ರಿಂದ ಶುರು ಮಾಡಿ. ಆಮೇಲೆ ನ್ಯೂ ಆರ್ಲಿಯನ್ಸ್‌ನ ಜುವನೈಲ್‌ನ 1999ರ ‘ಬ್ಯಾಕ್ ದಟ್ ಥಾಂಗ್ ಅಪ್’ ಹಾಕಿ, ವೇಗ ಹೆಚ್ಚುಕಡಿಮೆ ಅದೇ ಇದ್ದರೂ ಕಾಲುಗಳು ಎಚ್ಚರವಾಗುತ್ತವೆ. ಅದು ಮುಗಿಯುವ ಬಾರಿನಲ್ಲಿ ಪೂರ್ತಿ ನಿಲ್ಲಿಸಿ, ಒಂದು ಉಸಿರಿನಷ್ಟು ಮೌನ ಬಿಟ್ಟು, ಮಯಾಮಿಯನ್ನು ಅದರ ಮೊದಲ ಕಿಕ್ಕಿನಿಂದಲೇ ಬಿಡಿ.