ಬಂಗುಡೆ, ಬ್ಯಾಟರಿ ಮತ್ತು ಡೇರೆಯ ಫ್ರಿಜ್

ಮಲ್ಪೆಯಲ್ಲಿ ಬೆಳಿಗ್ಗೆ ಕೊಂಡ ಬಂಗುಡೆ ಮರುದಿನ ರಾತ್ರಿ ಘಟ್ಟದ ತಪ್ಪಲಿನ ತೋಟದಲ್ಲಿ, ಡೇರೆಯ ಮುಂದೆ ಕಾವಲಿಗೆ ಬೀಳಬೇಕು. ಅಲ್ಲಿ ಕರೆಂಟಿಲ್ಲ. ಈ ಲೆಕ್ಕ ಹೊಂದಿಸಿಕೊಂಡರೆ ಯಾವ ಪೋರ್ಟಬಲ್ ಫ್ರಿಜ್ ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಅಗ್ಗಕ್ಕೆ ಸಿಗುವ ‘ಕಾರ್ ಕೂಲರ್’ಗಳಲ್ಲಿ ಹೆಚ್ಚಿನವಕ್ಕೆ ಕಂಪ್ರೆಸರ್ ಇರುವುದಿಲ್ಲ, ಒಂದು ಪೆಲ್ಟಿಯರ್ ಬಿಲ್ಲೆ (ಕರೆಂಟು ಹರಿದಾಗ ಒಂದು ಮುಖ ತಣ್ಣಗಾಗಿ ಇನ್ನೊಂದು ಬಿಸಿಯಾಗುವಂಥದ್ದು), ಎರಡು ಫ್ಯಾನ್, ಅಷ್ಟೆ. ಹೊರಗಿನ ಸೆಕೆಗಿಂತ ಹೆಚ್ಚೆಂದರೆ 18–20 ಡಿಗ್ರಿ ಕೆಳಗಿಳಿಯುತ್ತದೆ. ಏಪ್ರಿಲ್‌ನ 34 ಡಿಗ್ರಿಯಲ್ಲಿ ಒಳಗೆ 14–16. ಸೋಡಾಕ್ಕೆ ಸಾಕು, ಮೀನಿಗೆ ಸಾಲದು. ಬಂಗುಡೆ, ಬೂತಾಯಿ 4 ಡಿಗ್ರಿಗಿಂತ ಮೇಲೆ ಹೊತ್ತು ಕಳೆದರೆ ಹಿಸ್ಟಮಿನ್ ಎಂಬ ವಿಷವಸ್ತು ಕಟ್ಟುತ್ತದೆ. ಎಷ್ಟು ಗರಿಗರಿ ಹುರಿದರೂ ಅದು ಹೋಗದು. ತಿಂದವರಿಗೆ ಮುಖ ಕೆಂಪಾಗಿ ತಲೆನೋವು, ತುರಿಕೆ. ಮೇಲಾಗಿ 48 ವ್ಯಾಟ್‌ನ ಪೆಲ್ಟಿಯರ್ ಪೆಟ್ಟಿಗೆ ನಿಲ್ಲದೆ ಓಡಿ ದಿನಕ್ಕೆ ಸುಮಾರು 1,150 ವ್ಯಾಟ್-ಅವರ್ (ವ್ಯಾಟನ್ನು ಓಡಿದ ಗಂಟೆಗಳಿಂದ ಗುಣಿಸಿದ ಲೆಕ್ಕ) ತಿನ್ನುತ್ತದೆ.

40 ಲೀಟರಿನ ಕಂಪ್ರೆಸರ್ ಫ್ರಿಜ್ ಓಡುವಾಗ 45–60 ವ್ಯಾಟ್ ಎಳೆದರೂ ತಣಿದ ಮೇಲೆ ನಿಂತು ನಿಂತು ಓಡುತ್ತದೆ. 4 ಡಿಗ್ರಿಗಿಟ್ಟು ನೆರಳಲ್ಲಿ ಕೂರಿಸಿದರೆ ದಿನಕ್ಕೆ 350–500 ವ್ಯಾಟ್-ಅವರ್ ಎಂದು ಹಿಡಿಯಿರಿ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಈ ಲೆಕ್ಕ ನಡೆಯದು. 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇದೆ, ಸುಮಾರು ಎರಡೂವರೆ ದಿನ ಸಾಗುತ್ತದೆ. ಲೆಡ್-ಆಸಿಡ್ ಆದರೆ ಅರ್ಧದಷ್ಟನ್ನೇ ಬಳಸಬೇಕು, ಇಲ್ಲವಾದರೆ ಬ್ಯಾಟರಿಯ ಆಯುಷ್ಯ ಸವೆಯುತ್ತದೆ.

ಜನ ಎಡವುವುದು ಫ್ರೀಜರ್‌ನಲ್ಲಿ. ಮೈನಸ್ 18 ತೋರಿಸುತ್ತದೆಂದು 5 ಕಿಲೋ ಹಸಿ ಮೀನನ್ನು ಕ್ಯಾಂಪಿನಲ್ಲೇ ಗಟ್ಟಿ ಮಾಡಲು ಹೊರಡುತ್ತಾರೆ. ಅಷ್ಟು ಮೀನಿನಿಂದ ಹೊರಹಾಕಬೇಕಾದ ಶಾಖವೇ 550 ವ್ಯಾಟ್-ಅವರ್ ಮೀರುತ್ತದೆ. ಬ್ಯಾಟರಿಯ ಹೆಚ್ಚುಕಡಿಮೆ ಅರ್ಧ ಅಲ್ಲಿಗೇ ಖಾಲಿ. ಮನೆಯ ಫ್ರಿಜ್‌ನಲ್ಲಿ ಹಿಂದಿನ ದಿನವೇ ಗಟ್ಟಿ ಮಾಡಿ, ಪೋರ್ಟಬಲ್ ಫ್ರಿಜ್ಜನ್ನೂ ರಾತ್ರಿಯಿಡೀ ಮನೆಯ ಕರೆಂಟಿನಲ್ಲಿ ತಣಿಸಿ ಒಯ್ಯಿರಿ. ಎರಡು ದಿನಕ್ಕಾದರೆ ಗಟ್ಟಿ ಮಾಡುವುದೂ ಬೇಡ: ಮೀನು ಕ್ಲೀನ್ ಮಾಡಿ, ಪುಡಿ ಐಸಿನ ನಡುವೆ ಬಿಗಿ ಡಬ್ಬಿಯಲ್ಲಿಟ್ಟು ಫ್ರಿಜ್ಜನ್ನು 1–2 ಡಿಗ್ರಿಗಿಟ್ಟರೆ ಸಾಕು.

ಒಂದೇ ರಾತ್ರಿಯಾದರೆ? ಫ್ರಿಜ್ಜೇ ಬೇಡ. ಬಂದರಿನ ಥರ್ಮೋಕೋಲ್ ಪೆಟ್ಟಿಗೆಗೆ ಮೀನಿನಷ್ಟೇ ತೂಕದ ಐಸ್ ಹಾಕಿ ಹೊರಡಿ.

“ಬ್ಯಾಟರಿ ಫುಲ್ ಇದೆ, ಆದರೂ ಫ್ರಿಜ್ ಆಫ್ ಆಗ್ತದೆ” ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ವಯರ್. 5 ಮೀಟರ್ ದೂರಕ್ಕೆ 1.5 ಚದರ ಮಿಮೀ ವಯರ್ ಎಳೆದರೆ 5 ಆಂಪಿಯರ್‌ಗೆ 0.57 ವೋಲ್ಟ್ ದಾರಿಯಲ್ಲೇ ಸೋರುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಬ್ಯಾಟರಿ ಇಳಿದಿದೆ ಎಂದುಕೊಂಡು ಫ್ರಿಜ್ ತಾನೇ ನಿಲ್ಲುತ್ತದೆ. 6 ಚದರ ಮಿಮೀ ತಾಮ್ರವಾದರೆ ನಷ್ಟ 0.14 ವೋಲ್ಟ್ ಮಾತ್ರ. ಬ್ಯಾಟರಿಯ ಬುಡದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ. ಸಿಗರೇಟ್ ಲೈಟರ್ ಪಿನ್ ಕುಲುಕಾಟಕ್ಕೆ ಸಡಿಲವಾಗಿ ಬಿಸಿಯೇರುತ್ತದೆ. ತಿರುಪಿ ಕೂರಿಸುವ ಪ್ಲಗ್ ಲೇಸು. ಫ್ರಿಜ್ಜಿನಲ್ಲಿ ವೋಲ್ಟೇಜ್ ಕಟ್-ಆಫ್ ಸೆಟಿಂಗ್ (ಬ್ಯಾಟರಿ ಎಷ್ಟಕ್ಕಿಳಿದಾಗ ಫ್ರಿಜ್ ನಿಲ್ಲಬೇಕೆಂದು ಹೇಳುವುದು) ಇದ್ದರೆ, ಕಾರಿನ ಸ್ಟಾರ್ಟಿಂಗ್ ಬ್ಯಾಟರಿಗೆ ಜೋಡಿಸಿದಾಗ ‘ಹೈ’ಯಲ್ಲೇ ಇಡಿ, ಇಲ್ಲದಿದ್ದರೆ ಬೆಳಿಗ್ಗೆ ಗಾಡಿ ತಳ್ಳಬೇಕಾದೀತು.

100 ವ್ಯಾಟ್ ಸೋಲಾರ್ ಪ್ಯಾನೆಲ್ ಬೇಸಗೆಯ ಒಳ್ಳೆ ಬಿಸಿಲಲ್ಲಿ ದಿನಕ್ಕೆ 400 ವ್ಯಾಟ್-ಅವರ್ ಕೊಟ್ಟೀತು. ಅಡಿಕೆ ಮರದ ನೆರಳು ಒಂದು ಮೂಲೆಗೆ ಬಿದ್ದರೂ ಚೆನ್ನಾಗಿ ಕುಸಿಯುತ್ತದೆ. ಜುಲೈಯ ಮೋಡದಡಿ ಅದನ್ನು ನಂಬಿಕೊಂಡು ಹೋಗಬೇಡಿ.

ಗಾಳಿಕಿಂಡಿಯ ಬದಿಗೆ ಒಂದು ಗೇಣು ಜಾಗ ಬಿಡಿ. ಕಾಪು, ಮರವಂತೆಯಂಥ ಕಡಲತಡಿಯಲ್ಲಿ ಇಟ್ಟಿದ್ದರೆ ಮನೆಗೆ ಬಂದ ಮೇಲೆ ಪ್ಲಗ್ ತೆಗೆದು ಉಪ್ಪಿನಂಶವನ್ನು ಒದ್ದೆ ಬಟ್ಟೆಯಿಂದ ಒರೆಸಿ ಆರಿಸಿ. ಒಳಗನ್ನು ಸೋಡಾಪುಡಿ ನೀರಿನಿಂದ ತೊಳೆದು, ಮುಚ್ಚಳದ ಸಂದಿಗೆ ಮರದ ತುಂಡು ಸಿಕ್ಕಿಸಿ ತೆರೆದಿಡಿ. ನಮ್ಮೂರ ತೇವಕ್ಕೆ ಮುಚ್ಚಿಟ್ಟ ಪೆಟ್ಟಿಗೆಯ ರಬ್ಬರು ವಾರದೊಳಗೆ ಕಪ್ಪು ಬೂಷ್ಟು ಹಿಡಿಯುತ್ತದೆ.