ಹವ್ಯಾಸ ಏನು ಅಂತ ಕೇಳಬ್ಯಾಡ್ರಿ

ನಮ್ಮ ಬಾಗಲಕೋಟ ಕಡೆ ಮಂದೀನ ಕುಂದ್ರಿಸಿ ನಿಮ್ಮ ಹವ್ಯಾಸ ಏನ್ರಿ ಅಂದ್ರ ಉತ್ತರ ಒಂದ, "ಎಂಥಾ ಹವ್ಯಾಸರಿ ಮೇಡಮ್ಮಾರ, ದುಡಿಯೂದು ಉಣ್ಣೂದು, ಅಷ್ಟ." ಕೌನ್ಸೆಲಿಂಗ್‌ನಾಗ ಈ ಮಾತು ಕೇಳಿ ಕೇಳಿ ನಾ ಆ ಪ್ರಶ್ನೆನ ಬಿಟ್ಟೀನಿ. ಹವ್ಯಾಸ ಅಂದ್ರ ಬಯೋಡಾಟಾದಾಗ ಬರಿಯೂದು, ಕ್ರಿಕೆಟ್ಟು, ಪುಸ್ತಕ ಓದೂದು ಅಂತ ತಿಳ್ಕೊಂಡಿರ್ತಾರ, ತಮ್ಮದು ಆ ಪಟ್ಟಿಯೊಳಗ ಕೂಡೂದಿಲ್ಲ ಅಂತ ಏನೂ ಇಲ್ಲ ಅಂದುಬಿಡ್ತಾರ.

ಈಗ ನಾ ಕೇಳೂದು, "ಹೊತ್ತು ಹೋಗಿದ್ದ ಗೊತ್ತಾಗ್ಲಿಲ್ಲ ಅಂತ ನಿಮಗ ಯಾವಾಗ ಅನ್ನಿಸಿತ್ತು?" ಕೇಳಿ ಸುಮ್ನ ಕೂಡ್ತೀನಿ.

ಜಮಖಂಡಿ ಕಡೆ ಕಿರಾಣಿ ಅಂಗಡಿ ಇಟ್ಟ ಕಾಕಾ ಒಬ್ರು ನಿದ್ದಿ ಬರವಲ್ದು ಅಂತ ಬಂದಿದ್ರು (ಗುರುತು ಸಿಗಬಾರದಂತ ಒಂದಿಷ್ಟು ವಿವರ ಬದಲಿಸೀನಿ). ಭಾಳೊತ್ತು ನೆಲ ನೋಡಿ "ಪಾರಿಜಾತ ಆಡೂವಾಗರಿ" ಅಂದ್ರು, ಅಂದ್ರ ಶ್ರೀಕೃಷ್ಣ ಪಾರಿಜಾತ, ನಮ್ಮ ಕಡೆ ರಾತ್ರಿಯೆಲ್ಲಾ ಆಡೂ ಜನಪದ ಆಟ. ಯಾವ ಪಾರ್ಟು ಅಂದ್ರ ದನಿ ಸಣ್ಣ ಮಾಡಿ "ರುಕ್ಮಿಣಿ." ಮೊಮ್ಮಕ್ಕಳಿಗೆ ಗೊತ್ತಿಲ್ಲಂತ, ಹೆಣ್ಣಿನ ಪಾರ್ಟು ಅಂದ್ರ ನಗ್ತಾವ ಅಂತ ಹೇಳಿಲ್ಲ. ಅಲ್ಲಿಂದ ನಾ ಯಾಕ ಅಂತ ಕೇಳ್ಲೇ ಇಲ್ಲ, ಹೆಂಗ ಅಂತ ಕೇಳ್ದೆ, ಸೀರಿ ಹೆಂಗ ಉಡ್ತಿದ್ರಿ, ಬೆಳಗಾಗೋತನ ದನಿ ಹೆಂಗ ಕಾಯ್ಕೋತಿದ್ರಿ, ಭಾಗವತ ಎಲ್ಲಿ ನಿಲ್ತಿದ್ದ, ಹಿಂಗ. ಯಾಕ ಅಂದ್ರ ಮನಶ್ಯಾ ಸಮಜಾಯಿಷಿ ಕೊಡಾಕ ನಿಲ್ತಾನ, ಹೆಂಗ ಅಂದ್ರ ಆ ಜಾಗಕ್ಕ ತಿರುಗಿ ಹೋಗ್ತಾನ. ಕಾಕಾರ ಬೆರಳು ಟೇಬಲ್ ಮ್ಯಾಲೆ ತಾಳ ಹಾಕಾಕ ಹತ್ತಿದ್ವು, ಅವ್ರಿಗೆ ಖಬರ ಇರ್ಲಿಲ್ಲ.

ಆಮ್ಯಾಲೆ ಇನ್ನೊಂದು ಕೇಳ್ಬೇಕು. ಅದ್ರಾಗ ನಿಮಗ ಭಾಳ ಬೇಕಾಗಿದ್ದು ಯಾವುದು? ಕಾಕಾ ಅಂದ್ರು, "ಆಟ ಮುಗದ ಮ್ಯಾಲೆ ಮೇಳದವ್ರೆಲ್ಲಾ ಕೂಡಿ ಉಣ್ತಿದ್ವಿರಿ, ಯಾವ ಜಾತಿ ಅಂತ ಯಾರೂ ಕೇಳ್ತಿರ್ಲಿಲ್ಲ." ಹುಚ್ಚು ಪಾರಿಜಾತದ್ದು, ಜೀವಕ್ಕ ಬೇಕಾಗಿದ್ದು ಆ ಪಂಕ್ತಿ. ಇದು ತಿಳಿದ್ರ ಈ ವಯಸ್ಸಿನ್ಯಾಗ ಮತ್ತ ಬಣ್ಣ ಹಚ್ಚಲೇಬೇಕು ಅಂತೇನಿಲ್ಲ, ಓಣಿ ಭಜನಾ ಮೇಳದಾಗೂ ಅದು ಸಿಕ್ಕೀತು.

ವಿಜಯಪುರದ ಪಿಯುಸಿ ಹುಡುಗ ಒಬ್ಬನ್ದೂ ಹಂಗ. ಆ ಕಡೆ ಸೈಕಲ್ ರೇಸಿನ ಹುಚ್ಚು ಎಲ್ಲಾರಿಗೂ ಗೊತ್ತಿದ್ದದ್ದ, ಅಪ್ಪಗ ಮಗ ಮೆಡಲ್ ಬೆನ್ನ ಹತ್ಯಾನ ಅಂತ ಚಿಂತಿ, ಮಗ ಹೇಳಿದ್ದು "ಆ ಎರಡು ತಾಸು ಯಾರೂ ಮಾರ್ಕ್ಸ್ ಕೇಳೂದಿಲ್ರಿ."

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಾಗ ಕುಡಿತದ ತ್ರಾಸ ಇದ್ದವ್ರ ಜೋಡಿ ಹೆಂಗ ಮಾತಾಡ್ಬೇಕು ಅಂತ ಬರದ್ರು, ಮುಂದ ಸ್ಟೀಫನ್ ರಾಲ್ನಿಕ್ ಕೂಡಿ ಬೆಳಸಿದ್ರು, ಆ ಮಾತಾಡೂ ರೀತಿಗೆ ಮೋಟಿವೇಶನಲ್ ಇಂಟರ್ವ್ಯೂಯಿಂಗ್ ಅಂತಾರ. ನಾವು ಹೇಳಿದ ಬುದ್ಧಿಮಾತಿಗಿಂತ ಅವರ ಬಾಯಿಂದ ಬಂದ ಕಾರಣನ ಅವ್ರನ್ನ ಕದಲಿಸ್ತದ ಅನ್ನೂದು ಅದರ ತಿರುಳು, ನನ್ನ ಅನುಭವಾನೂ ಅದ.

ಮನ್ಯಾಗ ನೀವು ಕೇಳೂದಿದ್ರ ಎದುರಾ ಎದುರ ಕುಂದ್ರಿಸಿ ಕೇಳಬ್ಯಾಡ್ರಿ, ಅಪ್ಪನ ಜೋಡಿ ಹೊಲಕ್ಕ ಹೋಗೂವಾಗ, ಅವ್ವನ ಜೋಡಿ ಮೆಂತೆ ಪಲ್ಯೆ ಸೋಸೂವಾಗ ಕೇಳ್ರಿ, ಕೈಗೆ ಕೆಲಸ ಇದ್ರ ಮಾತು ಹಗುರ ಬರ್ತದ. ಬಂದ ಕೂಡ್ಲೆ "ಹಂಗಾರ ನಾಳೆಯಿಂದ ಸುರು ಮಾಡು" ಅನ್ನಬ್ಯಾಡ್ರಿ, ಅಲ್ಲಿಗೆ ಬಾಯಿ ಮುಚ್ಚಿಬಿಡ್ತದ.

ಒಂದು ಮಾತ್ರ ಲಕ್ಷ್ಯದಾಗ ಇರ್ಲಿ. ಮೊದಲ ಜೀವ ಬಿಡ್ತಿದ್ದ ಕೆಲಸಾನೂ ಈಗ ರುಚಿಸವಲ್ದು, ಊಟ ನಿದ್ದಿ ಕೆಟ್ಟದ, ದಿನಾ ಹಿಂಗ ಎರಡು ವಾರ ದಾಟಿತು ಅಂದ್ರ ಡಿಪ್ರೆಶನ್ ಇರಬಹುದು, ಡಾಕ್ಟರಿಗೆ ತೋರಸ್ರಿ, ಇಲ್ಲಾ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ.